ತಾಮ್ರದ ಹಿಟ್ಟಿನ ಉಂಗುರ

ಮಣಿ ಗೌಸಸಾಬನ ಮಗಳು ಕೌಸರಳಿಗೆ ಬೇಕಾಗಿದ್ದುದು ಬಹಳವೇನಲ್ಲ. ಯಾರಾದರೂ ಒಬ್ಬರು, ಒಂದೇ ಒಂದು ಸಲ, ತನ್ನನ್ನು ಟೀಚರ್ ಎಂದು ಕರೆಯಬೇಕು. ಶಿಗ್ಗಾಂವಿಯಲ್ಲಿ ಹೆಣ್ಣುಮಕ್ಕಳ ಒಕ್ಕೂಟದವರು ಹಿಟ್ಟಿನ ಗಿರಣಿಯ ಮೇಲಿನ ಖೋಲಿಯಲ್ಲಿ ಆಭರಣ ಮಾಡುವ ತರಬೇತಿ ಇಟ್ಟಿದ್ದರು. ಕಲಿಸುವವಳು ಇವಳೇ. ಶುರುವಾಗಿ ಎಂಟು ದಿನವಾಗಿತ್ತು, ಹನ್ನೆರಡು ಹೆಂಗಸರು ಎದುರಿಗೆ ಚಾಪೆ ಹಾಸಿಕೊಂಡು ಕೂತಿದ್ದರು, ಆದರೆ ಅಷ್ಟು ಬಾಯಿಗಳಲ್ಲಿ ಒಂದರಿಂದಲೂ ಆ ಮಾತು ಹೊರಟಿರಲಿಲ್ಲ. ಕಾಲೇಜು ಮುಗಿಸಿದ್ದ ತನುಜಾ "ಅಕ್ಕಾ" ಎನ್ನುತ್ತಿದ್ದಳು. ಕೌದಿ ಹೊಲಿಯುವ ರಮಜಾನಬಿ "ಬೇಟಿ" ಎನ್ನುತ್ತಿದ್ದಳು. ದುಂಡಸಿಯ ಹಾಲವ್ವ "ಏ ತಂಗಿ" ಎನ್ನುತ್ತಿದ್ದಳು. ಉಳಿದವರಿಗೆ ಅವಳು ಮಣಿ ಗೌಸಸಾಬನ ಮಗಳು, ಅಷ್ಟೇ.

ಅವರ ತಪ್ಪೂ ಅಲ್ಲ ಬಿಡಿ. ಸವಣೂರಿನ ಗೌಸಸಾಬ ನಲವತ್ತು ವರ್ಷ ಸೈಕಲ್ಲಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಮಣಿ, ಪಿನ್ನು, ರಿಬ್ಬನ್ನು ಮಾರಿ, ಈಗ ಊರಲ್ಲೇ ಒಂದು ಸಣ್ಣ ಮಣಿ ಅಂಗಡಿ ಇಟ್ಟವನು. ಪೆಟ್ಟಿಗೆಯ ಮುಂದೆ ಸೈಕಲ್ಲಿನ ಬಾರಿನ ಮೇಲೆ ಕೂತು ಊರೂರು ತಿರುಗಿದ ಮೂರು ವರ್ಷದ ಕೌಸರಳ ಮೂಗು ಒರೆಸಿದ ಹೆಂಗಸರೇ ಈ ಹನ್ನೆರಡರಲ್ಲಿ ನಾಲ್ವರಿದ್ದರು. ಮೂಗು ಒರೆಸಿದ ಹುಡುಗಿಯನ್ನು ಟೀಚರ್ ಅನ್ನಲು ಯಾರಿಗೆ ಬಾಯಿ ಬರುತ್ತದೆ? ಹಿತ್ತಲ ಗಿಡ ಮದ್ದಲ್ಲ ಎಂದು ದೊಡ್ಡವರು ಸುಮ್ಮನೆ ಹೇಳಿಲ್ಲ.

ಮೊದಲ ವಾರ ಮಣಿ ಪೋಣಿಸುವುದರಲ್ಲಿ ಕಳೆಯಿತು. ಅದು ಚೆನ್ನಾಗಿಯೇ ನಡೆಯಿತು, ಯಾಕೆಂದರೆ ಎಲ್ಲರಿಗೂ ಮೊದಲೇ ಬರುತ್ತಿತ್ತು. ತಂಟೆ ಶುರುವಾದದ್ದು ಮೆಟಲ್ ಕ್ಲೇ ಡಬ್ಬಿ ತೆರೆದ ದಿನ. ಕೌಸರ ಹುಬ್ಬಳ್ಳಿಯಲ್ಲಿ ಇಪ್ಪತ್ತು ದಿನ ಇದ್ದು ಕಲಿತು ಬಂದ ವಿದ್ಯೆ ಅದು. ನೋಡಲು ಕಂದು ಬಣ್ಣದ ಕಣಕ. ಅದನ್ನು ನಾದಿ, ತೀಡಿ, ಬೇಕಾದ ಆಕಾರ ಮಾಡಿ, ಒಣಗಿಸಿ, ಕರೆಂಟಿನ ಸಣ್ಣ ಭಟ್ಟಿಯಲ್ಲಿ ಸುಟ್ಟರೆ ಅಪ್ಪಟ ತಾಮ್ರ. ಇದನ್ನು ಕೇಳಿದಾಗ ಗೌಸಸಾಬನೇ ನಂಬಿರಲಿಲ್ಲ. "ಮಣ್ಣು ಸುಟ್ರ ಗಡಿಗಿ ಆಗತೈತಿ ಬೇಟಿ, ತಾಮ್ರ ಹೆಂಗ ಆದೀತು? ಯಾರೋ ನಿನಗ ಟೋಪಿ ಹಾಕ್ಯಾರ" ಎಂದಿದ್ದ. ಚಾಪೆಯ ಮೇಲಿನ ಹೆಂಗಸರು ಅಷ್ಟು ಕೂಡ ತಲೆ ಕೆಡಿಸಿಕೊಳ್ಳಲಿಲ್ಲ. ಅದಕ್ಕೆ ತಾಮ್ರದ ಹಿಟ್ಟು ಎಂದು ಹೆಸರಿಟ್ಟು ನಾದತೊಡಗಿದರು.

"ಇದರಾಗ ತಾಮ್ರದ ಪುಡಿ ಐತ್ರಿ, ಜೋಡಿಗೆ ಅಂಟು, ನೀರು," ಎಂದು ಕೌಸರ ಎದ್ದು ನಿಂತು ವಿವರಿಸಿದಳು. "ಭಟ್ಟ್ಯಾಗ ಇಟ್ರ ಅಂಟು ಸುಟ್ಟು ಹೋಗತೈತಿ, ಪುಡಿ ಒಂದಕ್ಕೊಂದು ಕೂಡಿ ಗಟ್ಟಿ ಆಗತೈತಿ. ಆವಾಗ ಉಂಗರ ಕುಗ್ಗತೈತ್ರಿ. ಅದಕ್ಕ ಬೆರಳಿಗಿಂತಾ ದೊಡ್ಡದು ಮಾಡಬೇಕು."

"ಬೆಂಕ್ಯಾಗ ಇಟ್ರ ಕುಗ್ಗತೈತಿ?" ಎಂದಳು ಹಾಲವ್ವ.

"ಕುಗ್ಗತೈತ್ರಿ ಹಾಲವ್ವಾರ."

ಹಾಲವ್ವ ಪಕ್ಕದವಳ ಮುಖ ನೋಡಿದಳು. ಆ ನೋಟ ಕೌಸರಳಿಗೆ ಇಷ್ಟವಾಗಲಿಲ್ಲ.

ಈ ಹಾಲವ್ವನ ಬಗ್ಗೆ ಇಲ್ಲೇ ಹೇಳಿಬಿಡಬೇಕು. ದುಂಡಸಿಯಿಂದ ದಿನಾ ಬೆಳಗಿನ ಬಸ್ಸಿಗೆ ಮೂರು ನೂರು ಜೋಳದ ರೊಟ್ಟಿ ಬಡಿದು ಶಿಗ್ಗಾಂವಿಯ ಖಾನಾವಳಿಗಳಿಗೆ ತರುವವಳು. ಹಾಲವ್ವನ ರೊಟ್ಟಿ ಉಬ್ಬಲಿಲ್ಲ ಎಂದು ಯಾರಾದರೂ ಹೇಳಿದರೆ ಅವರ ಕಣ್ಣಿಗೆ ಪೊರೆ ಬಂದಿದೆ ಎಂದೇ ಅರ್ಥ. ಬಡಿದೂ ಬಡಿದೂ ಅವಳ ಬೆರಳುಗಳು ದಪ್ಪಗಾಗಿ, ಮದುವೆಯ ಉಂಗುರವನ್ನು ಪತ್ತಾರನ ಕೈಯಲ್ಲಿ ಕತ್ತರಿಸಿ ತೆಗೆಸಬೇಕಾಯಿತು. ಅದಾಗಿ ಮೂವತ್ತು ವರ್ಷ. ಆಮೇಲೆ ಯಾವ ಅಂಗಡಿಯ ಉಂಗುರವೂ ಅವಳ ಗೆಣ್ಣು ದಾಟಿಲ್ಲ. ಸಾಯುವುದರೊಳಗೆ ಬೆರಳಿಗೊಂದು ಉಂಗುರ ಹಾಕಬೇಕು, ಅದನ್ನು ತಾನೇ ಮಾಡಬೇಕು ಎಂದು ಈ ತರಬೇತಿಗೆ ಸೇರಿದ್ದಳು. ಸೇರಿದ್ದು ಕಲಿಯಲಿಕ್ಕೆ, ಆದರೆ ನಾಲ್ಕನೆಯ ದಿನ ಕಲಿಸಿದ್ದೂ ಅವಳೇ. ಚಹಾದ ಒಲೆಯ ಮೇಲೆ ಹಂಚು ಇಟ್ಟು, ಕೌಸರಳ ಕೈಗೆ ಜೋಳದ ಹಿಟ್ಟು ಕೊಟ್ಟು, ಬಡಿ ನೋಡೋಣ ಎಂದಳು. ಕೌಸರ ಬಡಿದ ರೊಟ್ಟಿ ಹಂಚಿನ ಮೇಲೆ ಉಬ್ಬುವುದಿರಲಿ, ಅಂಚು ಮುದುಡಿಕೊಂಡು ಅಂಗೈಯಷ್ಟಾಗಿ ಮಲಗಿತು. ಹನ್ನೆರಡು ಜನರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೌಸರಳೂ ನಕ್ಕಳು. ಆ ನಗು ತನಗೆ ಎಷ್ಟು ದುಬಾರಿಯಾಗುತ್ತದೆ ಎಂದು ಅವಳಿಗೆ ಆಗ ಗೊತ್ತಿರಲಿಲ್ಲ.

ಒಂಬತ್ತನೆಯ ದಿನ ಉಂಗುರ ಮಾಡುವುದು, ಹತ್ತನೆಯ ದಿನ ಪರೀಕ್ಷೆ. ಪರೀಕ್ಷೆ ಮಾಡಲು ಹಾವೇರಿಯ ಕಚೇರಿಯಿಂದ ನೀಲಾಂಬಿಕಾ ಮೇಡಂ ಬರುವವರಿದ್ದರು. ಅವರು ಕಳಿಸಿದ ಕಾಗದದಲ್ಲಿ ಬರೆದದ್ದು ಒಂದೇ ಸಾಲು: ಕಲಿತವರು ಕೈಯಿಂದ ಮಾಡಿದ ಉಂಗುರ ಬೆರಳಿಗೆ ಸರಿಯಾಗಿ ಕೂಡಬೇಕು. ಕೂಡಿದರೆ ಮುಂದಿನ ತರಬೇತಿ ಚಿಕ್ಕೇರೂರಿನಲ್ಲಿ, ಅದರ ಮುಂದಿನದು ಆಡೂರಿನಲ್ಲಿ, ಎರಡಕ್ಕೂ ಕೌಸರಳೇ. ಕೂಡದಿದ್ದರೆ ಭಟ್ಟಿ, ಡಬ್ಬಿ ಎಲ್ಲ ಹಾವೇರಿಗೆ ವಾಪಸ್ಸು, ಕೌಸರ ಅಪ್ಪನ ಅಂಗಡಿಗೆ ವಾಪಸ್ಸು. ಅಂಗಡಿ ಕೆಟ್ಟದ್ದೇನಲ್ಲ. ಆದರೆ ಅಲ್ಲಿ ಅವಳು ಕೊನೆಯ ತನಕ ಮಣಿ ಗೌಸಸಾಬನ ಮಗಳಾಗಿಯೇ ಇರಬೇಕಾಗಿತ್ತು.

ಅದಕ್ಕೇ ಅವಳು ಎಲ್ಲ ಮುತುವರ್ಜಿ ವಹಿಸಿದಳು. ಒಬ್ಬೊಬ್ಬರ ಬೆರಳಿಗೂ ದಾರ ಸುತ್ತಿ ಅಳೆದಳು. ತುದಿಯ ಕಡೆ ಸಣ್ಣಗಾಗುತ್ತ ಹೋಗುವ ಕಟ್ಟಿಗೆಯ ಕೋಲೊಂದನ್ನು ಒಬ್ಬೊಬ್ಬರಿಗೂ ಕೊಟ್ಟು, ಅದರ ಮೇಲೆ ಎರಡು ಗೆರೆ ಎಳೆದಳು. ಕಪ್ಪು ಗೆರೆ ಬೆರಳಿನ ಅಳತೆ. ಅದಕ್ಕಿಂತ ಮೇಲೆ, ಕೋಲು ದಪ್ಪವಿದ್ದಲ್ಲಿ, ಕೆಂಪು ಗೆರೆ. ಹಿಟ್ಟನ್ನು ಸುತ್ತಬೇಕಾದ್ದು ಕೆಂಪು ಗೆರೆಗೆ. ತೋರಿಸಲಿಕ್ಕೆಂದು ಹಾಲವ್ವನ ಬೆರಳಿನ ಅಳತೆಗೇ ತಾನೊಂದು ಉಂಗುರ ಮಾಡಿದಳು.

"ಇದೇನ ತಂಗಿ, ಉಂಗರೋ, ಎತ್ತಿನ ಕೋಡಿಗೆ ಹಾಕೂ ಬಳಿಯೋ?" ಎಂದಳು ಹಾಲವ್ವ. ಖೋಲಿಯೆಲ್ಲ ನಕ್ಕಿತು.

ಕೌಸರ ಅದನ್ನು ಒಲೆಯ ಬಿಸಿಗೆ ಒಣಗಿಸಿ, ಕರಟದ ಇದ್ದಿಲ ಪುಡಿ ಹಾಕಿದ್ದ ಸ್ಟೀಲ್ ಡಬ್ಬಿಯ ತಳದಲ್ಲಿ ಹುದುಗಿಸಿದಳು. ಅಷ್ಟರಲ್ಲಿ ಒಕ್ಕೂಟದ ಕಚೇರಿಯಿಂದ ಕರೆ ಬಂತು, ನಾಳಿನ ಪರೀಕ್ಷೆಯ ಕಾಗದಕ್ಕೆ ಸಹಿ ಬೇಕಂತೆ. "ಕೆಂಪು ಗೆರಿ ಮರೀಬ್ಯಾಡ್ರಿ," ಎಂದು ಮೂರು ಸಲ ಹೇಳಿ ಮೆಟ್ಟಿಲಿಳಿದಳು.

ಅವಳು ಇಳಿದ ಮೇಲೆ ನಡೆದದ್ದನ್ನು ಮರುದಿನ ತನುಜಾ ಒಂದಕ್ಷರ ಬಿಡದೆ ಒಪ್ಪಿಸಿದಳು. ಹಾಲವ್ವ ಮೊದಲು ಬಾಗಿಲು ಮುಂದೆ ಮಾಡಿದಳಂತೆ.

"ಕೇಳ್ರಿಲ್ಲೆ. ಬೆಂಕಿ ಮ್ಯಾಲೆ ಇಟ್ಟ ಹಿಟ್ಟು ಕುಗ್ಗೂದನ್ನ ನಿಮ್ಮ ಜನ್ಮದಾಗ ಯಾರರೆ ನೋಡೀರೇನು? ರೊಟ್ಟಿ ಉಬ್ಬತೈತಿ. ಪೂರಿ ಉಬ್ಬತೈತಿ. ಸಂಡಿಗಿ ಒಂದಕ್ಕ ನಾಕಾಗತೈತಿ."

"ಬದನಿಕಾಯಿ ಸುಟ್ರ ಕುಗ್ಗತೈತೆಲ್ಲವಾ?" ಎಂದಳಂತೆ ರಮಜಾನಬಿ.

"ಬದನಿಕಾಯಿ ಹಿಟ್ಟೇನು? ಇದು ಹಿಟ್ಟು."

ರಮಜಾನಬಿ ಹೌದೆಂದು ತಲೆಯಾಡಿಸಿದಳಂತೆ. ತನುಜಾ ಮಾತ್ರ, "ಮತ್ತ ಅಕ್ಕ ಅಷ್ಟ ಸಲಾ ಹೇಳಿ ಹ್ವಾದ್ಲಲ್ರಿ?" ಎಂದಳು.

"ಪಾಪ, ಆಕಿ ಸುಳ್ಳ ಹೇಳಾಕತ್ತಿಲ್ಲ. ಆಕಿ ಕೈಯಾಗ ಎಲ್ಲಾ ಕುಗ್ಗತಾವ, ಆಕಿ ರೊಟ್ಟಿ ನೀವ ಕಣ್ಣಾರೆ ನೋಡೀರಿ. ಈಗ ಆಕಿ ಹೇಳಿದಂಗ ಮಾಡಿದ್ರ ನಾಳೆ ಎಲ್ಲಾರ ಉಂಗರ ಉಬ್ಬಿ ಬಳಿ ಆಗಿ ಕುಂದರತಾವ. ಮೇಡಂ ಮುಂದ ಯಾರ ಮಾನ ಹೋಗೂದು? ಆ ಹುಡುಗೀದು. ನಮ್ಮ ಗೌಸಸಾಬನ ಮಗಳು, ಹಂಗ ಬಿಡಾಕ ಆಗತೈತೇನು?"

ಹೀಗೆ ಬರೀ ಕರುಣೆಯಿಂದ, ಹುಡುಗಿಯ ಮಾನ ಉಳಿಸುವ ಏಕೈಕ ಉದ್ದೇಶದಿಂದ, ಹನ್ನೆರಡು ಹೆಂಗಸರೂ ಕೆಂಪು ಗೆರೆ ಬಿಟ್ಟರು. ಕಪ್ಪು ಗೆರೆಯನ್ನೂ ಬಿಟ್ಟರು. ಉಬ್ಬಲು ಜಾಗ ಇರಲಿ ಎಂದು ಅದಕ್ಕಿಂತ ಒಂದು ಬೆರಳು ಕೆಳಗೆ, ಕೋಲು ಸಣ್ಣಗಿದ್ದಲ್ಲಿ ಸುತ್ತಿದರು. ಮಾಳಿಗೆಯ ಬಿಸಿಲಿಗೆ ಸಂಡಿಗೆಯಂತೆ ಒಣಗಿಸಿದರು. ಕೌಸರ ತಿರುಗಿ ಬರುವಷ್ಟರಲ್ಲಿ ಎಲ್ಲವನ್ನೂ ಇದ್ದಿಲಿನಲ್ಲಿ ಮುಚ್ಚಿ, ಡಬ್ಬಿಯನ್ನು ಭಟ್ಟಿಯ ಮುಂದೆ ತಯಾರಾಗಿ ಇಟ್ಟಿದ್ದರು. ಉಳಿದ ಹಿಟ್ಟನ್ನು ಹಾಲವ್ವ ಒದ್ದೆ ಬಟ್ಟೆಯಲ್ಲಿ ಸುತ್ತಿ ಬಟ್ಟಲು ಮುಚ್ಚಿದ್ದಳು. ಹಿಟ್ಟು ಚೆಲ್ಲುವ ಕುಲ ಅವಳದಲ್ಲ.

ಆ ಅಚ್ಚುಕಟ್ಟು ನೋಡಿ ಕೌಸರಳ ಕಣ್ಣು ತುಂಬಿ ಬಂತು. ಅಂತೂ ತನ್ನ ಮಾತು ಕೇಳಿದರಲ್ಲ ಎಂದುಕೊಂಡು ಭಟ್ಟಿಯ ಗುಂಡಿ ಒತ್ತಿದಳು.

ಮರುದಿನ ಹತ್ತಕ್ಕೆ ಡಬ್ಬಿ ತೆರೆದಳು. ಮೇಡಂ ಹನ್ನೊಂದಕ್ಕೆ ಬರುವವರು. ಚಮಚದಿಂದ ಇದ್ದಿಲು ಕೆದರಿ ಮೊದಲ ಉಂಗುರ ತೆಗೆದು ಬ್ರಶ್ಶಿನಿಂದ ಉಜ್ಜಿದಳು. ಹೊಸ ತಾಮ್ರ ಫಳಫಳ ಹೊಳೆಯಿತು. "ಅಲ್ಲಾ! ಖರೇನ ತಾಮ್ರ!" ಎಂದಳು ರಮಜಾನಬಿ. ತನ್ನದೆಂದು ಗುರುತು ಹಿಡಿದು ಬೆರಳಿಗೆ ಹಾಕಿಕೊಂಡಳು. ಉಂಗುರ ಉಗುರಿನ ಮೇಲೆ ಕೂತಿತು. ತಿರುವಿದಳು, ಒತ್ತಿದಳು. ಅಲ್ಲಿಂದ ಮುಂದೆ ಹೋಗಲೊಲ್ಲದು. ಎರಡನೆಯದು ಕಿರುಬೆರಳ ತುದಿಗೂ ಹಿಡಿಯಲಿಲ್ಲ. ಮೂರನೆಯದನ್ನು ಮೂಗುತಿ ಮಾಡಿಕೊಳ್ಳಬಹುದಿತ್ತು. ಆಮೇಲೆ ಹಾಲವ್ವನದು ಹೊರಬಂತು. ಅವಳ ಆ ಬೆರಳಿನ ಮುಂದೆ ಅದು ಅವರೆಕಾಳಿನಷ್ಟು ಕಂಡಿತು.

"ಕೆಂಪು ಗೆರಿಗೆ ಸುತ್ತಿದ್ರಿಲ್ಲೋ?" ಎಂದಳು ಕೌಸರ.

ಆಗಲೇ ತನುಜಾ ಎಲ್ಲವನ್ನೂ ಒಪ್ಪಿಸಿದ್ದು.

ಕೌಸರಳಿಗೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಅಳು ಬಂತು. ಬೈದರೆ ಯಾರನ್ನು ಬೈಯುವುದು? ತನ್ನ ಮೇಲಿನ ಪ್ರೀತಿಗೇ ತನ್ನ ಕೆಲಸಕ್ಕೆ ಕಲ್ಲು ಹಾಕಿದವರಿವರು. "ನಾ ಹೇಳಿದ್ದನ್ನ ಒಂದ ಸಲಾ, ಒಂದ ಒಂದ ಸಲಾ ನಂಬಾಕ ಆಗಲಿಲ್ಲೇನ್ರಿ ನಿಮಗ?" ಎಂದಳು.

ಡಬ್ಬಿಯ ತಳದಲ್ಲಿ ಇನ್ನೊಂದು ಉಳಿದಿತ್ತು. ಎತ್ತಿನ ಕೋಡಿನ ಬಳೆ. ಕೌಸರ ಅದನ್ನು ತೆಗೆದು, ಉಜ್ಜಿ, ಹಾಲವ್ವನ ಕೈ ಹಿಡಿದು ಬೆರಳಿಗೆ ಏರಿಸಿದಳು. ಅದು ಗೆಣ್ಣಿನ ಹತ್ತಿರ ಒಂದು ಗಳಿಗೆ ನಿಂತು, ಆಮೇಲೆ ಸಲೀಸಾಗಿ ದಾಟಿ, ಮೂವತ್ತು ವರ್ಷದಿಂದ ಖಾಲಿ ಇದ್ದ ಜಾಗದಲ್ಲಿ ಕೂತಿತು.

ಹಾಲವ್ವ ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಸೆರಗಿನ ತುದಿಯಿಂದ ಉಂಗುರ ಒರೆಸಿ, ಅದೇ ತುದಿಯಿಂದ ಕಣ್ಣು ಒರೆಸಿಕೊಂಡಳು.

ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ತನುಜಾ ಪಿಸುಗುಟ್ಟಿದಳು: "ಹಾಲವ್ವಾರ, ಅದನ್ನ ನಾನ ಮಾಡೇನಿ ಅನ್ರಿ. ಒಂದರೆ ಪಾಸ್ ಆಗಲಿ."

ನೀಲಾಂಬಿಕಾ ಮೇಡಂ ಒಳಗೆ ಬಂದು, ಬೆವರು ಒರೆಸಿಕೊಂಡು, ರಿಜಿಸ್ಟರು ತೆರೆದರು. ನಗುವುದಕ್ಕೂ ಮೇಲಿನವರ ಸಹಿ ಬೇಕೇನೋ ಎನ್ನುವಂಥ ಮುಖ. ಮೊದಲು ಕಣ್ಣಿಗೆ ಬಿದ್ದದ್ದು ಹಾಲವ್ವನ ಕೈ. "ಭಾಳ ಛಲೋ ಕುಂತೈತಲ್ರಿ! ನೀವ ಮಾಡಿದ್ರಿ?"

ಹನ್ನೊಂದು ಹೆಂಗಸರು ಹಾಲವ್ವನ ಕಡೆ ನೋಡಿದರು. ಹಾಲವ್ವ ಕೌಸರಳ ಕಡೆ ನೋಡಿದಳು. ಕೌಸರ ಕಣ್ಣು ಕೆಳಗೆ ಹಾಕಿದಳು. ಹೌದು ಎಂದುಬಿಡಲಿ ಎಂದು ಅವಳ ಜೀವವೂ ಬಯಸಿತ್ತು, ಸುಳ್ಳು ಯಾಕೆ ಹೇಳಬೇಕು.

"ಇಲ್ರಿ," ಎಂದಳು ಹಾಲವ್ವ. ಎಡಗೈಯ ಕಿರುಬೆರಳ ಉಗುರಿನ ಮೇಲೆ ತನ್ನ ಪುಟ್ಟ ಉಂಗುರ ಇಟ್ಟು, ಎರಡೂ ಕೈ ಎತ್ತಿ ಹಿಡಿದಳು. "ಇದು ನಮ್ಮ ಟೀಚರ್ ಮಾಡಿ ತೋರಿಸಿದ್ದು. ಇದು ನಮ್ಮ ಟೀಚರ್ ಮಾತ ಕೇಳಲಾರದ ನಾ ಮಾಡಿದ್ದು. ಅವರು ಕುಗ್ಗತೈತಿ ಅಂದ್ರು. ನಾ ಉಬ್ಬತೈತಿ ಅಂದೆ. ಇವರೆಲ್ಲಾರ್ನೂ ಕೆಡಿಸಿದಾಕಿ ನಾನ. ಬೈಯೂದಿದ್ರ ನನ್ನ ಬೈರಿ, ಟೀಚರ್‌ಗೆ ಏನೂ ಅನಬ್ಯಾಡ್ರಿ."

ಒಂದೇ ಉಸಿರಿನಲ್ಲಿ ಮೂರು ಸಲ ಟೀಚರ್. ಅದನ್ನು ಕೇಳಬೇಕೆಂದು ಒಂಬತ್ತು ದಿನ ಕಾದಿದ್ದ ಕೌಸರ, ಎಲ್ಲ ಕೈಬಿಟ್ಟು ಹೋದ ಗಳಿಗೆಯಲ್ಲಿ ಕೇಳಿದಳು. ಉಳಿದ ಹನ್ನೊಂದು ಜನರೂ ಒಂದೊಂದು ಬೆರಳೆತ್ತಿ ಉಗುರಿನ ಮೇಲಿನ ಉಂಗುರ ತೋರಿಸಿದರು. ಮತ ಹಾಕಿ ಬಂದವರ ಸಾಲಿನಂತೆ ಕಾಣುತ್ತಿತ್ತು.

ಮೇಡಂ ನಗಲಿಲ್ಲ. "ನಾ ಏನ ಮಾಡ್ಲಿ? ಕೂಡಬೇಕು ಅಂತ ಬರದೈತಿ. ಕೂಡಿಲ್ಲ," ಎಂದು ಪೆನ್ನಿನ ಟೊಪ್ಪಿಗೆ ತೆಗೆದರು.

ಕೌಸರಳಿಗೆ ಎಲ್ಲಿಂದ ಧೈರ್ಯ ಬಂತೋ. ಟೀಚರ್ ಅನ್ನಿಸಿಕೊಂಡ ಮೇಲೆ ಸುಮ್ಮನೆ ನಿಂತರೆ ಆ ಮಾತಿಗೆ ಮರ್ಯಾದೆ ಎಲ್ಲಿ? "ಮೇಡಂರ, ಬೆರಳಿಗೆ ಕೂಡಬೇಕು ಅಂತ ಬರದೈತ್ರಿ. ಯಾರ ಬೆರಳು ಅಂತ ಬರದಿಲ್ಲ. ಐದು ತಾಸು ಕೊಡ್ರಿ. ನಿಮ್ಮ ಬೆರಳಿನ ಅಳತಿ ಕೊಡ್ರಿ. ಹಾಲವ್ವಾರು ನಿಮ್ಮ ಕಣ್ಣ ಮುಂದ ಮಾಡ್ತಾರ. ನಾ ಮುಟ್ಟೂದಿಲ್ಲ."

ಮೇಡಂ ಕಾಗದ ತೆಗೆದು ಆ ಸಾಲನ್ನು ಎರಡು ಸಲ ಓದಿದರು. ನಿಜ, ಯಾರ ಬೆರಳು ಎಂದು ಬರೆದಿರಲಿಲ್ಲ. "ಐದು ತಾಸು ನಾ ಇಲ್ಲಿ ಕುಂತು ಏನ ಮಾಡ್ಲಿ?"

"ರೊಟ್ಟಿ ಅದಾವ್ರಿ," ಎಂದಳು ಹಾಲವ್ವ. "ಝುಣಕಾ, ಎಣಗಾಯಿ, ಶೇಂಗಾ ಚಟ್ನಿ. ಕೆನಿ ಮೊಸರೂ ಐತಿ."

ಮೇಡಂ ಪೆನ್ನಿಗೆ ಟೊಪ್ಪಿಗೆ ಹಾಕಿದರು.

ಕೌಸರ ಅವರ ಬೆರಳಿಗೆ ದಾರ ಸುತ್ತಿ ಅಳೆದು, ಕೋಲಿಗೆ ಕಪ್ಪು ಗೆರೆ, ಕೆಂಪು ಗೆರೆ ಎಳೆದು ಕೈ ಹಿಂದೆ ಕಟ್ಟಿ ನಿಂತಳು. ಒದ್ದೆ ಬಟ್ಟೆಯಲ್ಲಿ ಮುಚ್ಚಿಟ್ಟ ಹಿಟ್ಟು ಇನ್ನೂ ಮೆತ್ತಗಿತ್ತು. ಹಾಲವ್ವ ಅದನ್ನು ನಾದಿ, ಎಳೆ ತೀಡಿ, ಕೋಲಿನ ಹತ್ತಿರ ತಂದಳು. ಅವಳ ಕೈ ತಾನಾಗಿ ಕೆಳಗೆ, ಸಣ್ಣ ತುದಿಯ ಕಡೆಗೆ ಹೊರಟಿತು. ನಲವತ್ತು ವರ್ಷ ಉಬ್ಬುವುದನ್ನೇ ನೋಡಿದ ಕೈ ಅದು, ಒಂದು ದಿನದಲ್ಲಿ ಬುದ್ಧಿ ಕಲಿತೀತೇ? ಹಾಲವ್ವ ಅದನ್ನು ಇನ್ನೊಂದು ಕೈಯಿಂದ ಹಿಡಿದೆತ್ತಿ ಕೆಂಪು ಗೆರೆಗೆ ಒಯ್ದಳು. ಹಣೆಯ ಮೇಲೆ ಬೆವರು ಹನಿಗಟ್ಟಿತ್ತು. ಸುತ್ತಿ, ಅಂಟಿಸಿ, ನೀರು ಸವರಿ ನಯ ಮಾಡಿ, ಮೆಲ್ಲಗೆ ಕೋಲಿನಿಂದ ಇಳಿಸಿ ಸಣ್ಣ ಉರಿಯ ಹಂಚಿನ ಮೇಲೆ ಒಣಗಿಸಿ, ಇದ್ದಿಲಿನಲ್ಲಿ ಹೂತು ಭಟ್ಟಿಗೆ ಇಟ್ಟರು.

ಭಟ್ಟಿ ಮೂರು ತಾಸು ತೆಗೆದುಕೊಂಡಿತು. ಆರುವುದಕ್ಕೆ ಇನ್ನೊಂದು ತಾಸು. ಅಷ್ಟರಲ್ಲಿ ಮೇಡಂ ಐದು ರೊಟ್ಟಿ ಉಂಡು, ಸವಣೂರಿನ ಕುರುಕಲು ಖಾರ ಮೆದ್ದು, ಎಲೆ ಅಡಿಕೆ ಹಾಕಿ, ಗೋಡೆಗೆ ಒರಗಿ ಒಂದು ಸಣ್ಣ ನಿದ್ದೆ ಮಾಡಿದರು. ಹಾಲವ್ವ ಮಾತ್ರ ತುತ್ತು ಮುಟ್ಟಲಿಲ್ಲ. ಭಟ್ಟಿಯ ಮುಂದೆ ಕೂತು ಬಸವಣ್ಣನನ್ನು ನೆನೆದಳು. ರಮಜಾನಬಿ ಅವಳ ಪಕ್ಕ ಕೂತು ತನ್ನ ಪ್ರಾರ್ಥನೆಯನ್ನೂ ಸೇರಿಸಿದಳು.

ನಾಲ್ಕು ಗಂಟೆಗೆ ಉಂಗುರ ಹೊರಬಂತು. ಮೇಡಂ ಕೈ ಚಾಚಿದರು. ಉಂಗುರ ಉಗುರು ದಾಟಿತು, ಮೊದಲ ಗೆಣ್ಣು ದಾಟಿತು, ಎರಡನೆಯ ಗೆಣ್ಣಿನ ಹತ್ತಿರ ನಿಂತಿತು. ಖೋಲಿಯಲ್ಲಿ ಹದಿಮೂರು ಜೀವ ಅಲ್ಲೇ ನಿಂತವು. ಮೇಡಂ ತಾವೇ ಒಂದು ಸಲ ಜೋರಾಗಿ ತಿರುವಿ ಒತ್ತಿದರು. ಉಂಗುರ ಒಳಗೆ ಹೋಗಿ ಭದ್ರವಾಗಿ ಕೂತಿತು.

"ಚೂರು ಬಿಗಿ ಆತಲ್ಲ," ಎಂದರು.

ಹಾಲವ್ವ ಗಾಬರಿಯಿಂದ ಕೆನ್ನೆ ಕೆನ್ನೆ ಬಡಿದುಕೊಂಡಳು. "ಕೆಂಪು ಗೆರಿಗೇ ಸುತ್ತೇನ್ರಿ, ನನ್ನಾಣಿಗೂ! ಎಲ್ಲಾರೂ ನೋಡ್ಯಾರ!"

ಕೌಸರ ಉಂಗುರ ನೋಡಿದಳು, ಬೆರಳು ನೋಡಿದಳು, ಖಾಲಿಯಾದ ರೊಟ್ಟಿಯ ಬುಟ್ಟಿ ನೋಡಿದಳು. "ಉಂಗರ ಬರೋಬ್ಬರಿ ಐತ್ರಿ ಮೇಡಂರ. ಅಳತಿ ತಗೊಂಡಿದ್ದು ಊಟಕ್ಕಿಂತ ಮೊದಲ. ಭಟ್ಟ್ಯಾಗ ಇಟ್ಟದ್ದು ಕುಗ್ಗಿತು, ರೊಟ್ಟಿಗೆ ಕುಂತದ್ದು ಉಬ್ಬಿತು."

ಮೊದಲು ನಕ್ಕದ್ದು ನೀಲಾಂಬಿಕಾ ಮೇಡಂ. ನಕ್ಕು ನಕ್ಕು ಕೆಮ್ಮು ಹತ್ತಿ, ನೀರು ಕುಡಿದು, ಉಂಗುರ ತೆಗೆಯಲು ನೋಡಿದರು. ಬರಲಿಲ್ಲ. ಸೋಪು ಹಚ್ಚಿದರು. ಬರಲಿಲ್ಲ. ಎಣ್ಣೆ ಹಚ್ಚಿದರು. ಅದು ಬಾಡಿಗೆ ಮನೆ ಬಿಡಲೊಲ್ಲದವರಂತೆ ಗಟ್ಟಿಯಾಗಿ ಕೂತಿತ್ತು. ಕೊನೆಗೆ ಅದೇ ಕೈಯಲ್ಲಿ ಪೆನ್ನು ಹಿಡಿದು ರಿಜಿಸ್ಟರಿನಲ್ಲಿ ಬರೆದರು: ಕಲಿತವರು ಕೈಯಿಂದ ಮಾಡಿದ ಉಂಗುರ ಬೆರಳಿಗೆ ಕೂತಿದೆ. ಮತ್ತೆ ಹೊರಬರಬೇಕೆಂದು ನಿಯಮದಲ್ಲಿ ಇರಲಿಲ್ಲ.

ಮುಂದಿನ ತಿಂಗಳು ಚಿಕ್ಕೇರೂರಿನಲ್ಲಿ ತರಬೇತಿ ಶುರುವಾಯಿತು. ಭಟ್ಟಿ ಭಾರವೆಂದು ಗೌಸಸಾಬನೇ ಮಗಳ ಜೊತೆ ಬಸ್ಸಿನಲ್ಲಿ ಹೊತ್ತು ತಂದ. ಒಳಗೆ ತಾಮ್ರದ ಹಿಟ್ಟಿನ ಮೊದಲ ಪಾಠ ನಡೆದಿತ್ತು. ಕೌಸರ "ಕುಗ್ಗತೈತಿ" ಎಂದೊಡನೆ ಚಿಕ್ಕೇರೂರಿನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಆ ನೋಟದ ಗುರುತು ಚೆನ್ನಾಗಿ ಇದ್ದ ಹಾಲವ್ವ ಎದ್ದಳು. ರೊಟ್ಟಿಯ ಕೆಲಸವನ್ನು ಸೊಸೆಗೆ ಒಪ್ಪಿಸಿ, ಯಾರೂ ಕರೆಯದೆ ಟೀಚರ್ ಜೊತೆ ಬಂದಿದ್ದಳು. ಕೊರಳಿನಿಂದ ಒಂದು ಸರ ತೆಗೆದು ಚಾಪೆಯ ಮೇಲೆ ಕೈಯಿಂದ ಕೈಗೆ ಕೊಟ್ಟಳು. ಗೌಸಸಾಬನ ಅಂಗಡಿಯ ಕೆಂಪು ಗಾಜಿನ ಮಣಿ, ನಡುನಡುವೆ ಯಾವ ಬೆರಳಿಗೂ ಆಗದ ಹನ್ನೆರಡು ಪುಟ್ಟ ತಾಮ್ರದ ಉಂಗುರ.

"ಇವು ನಮ್ಮ ಶಾಣ್ಯಾತನ," ಎಂದಳು. "ಒಂದೊಂದು ಹಾಕ್ಕೊಂಡು ನೋಡ್ರಿ. ಆಮ್ಯಾಲೆ ಟೀಚರ್ ಮಾತ ಕೇಳ್ರಿ."

ಹೊರಗೆ ಕಟ್ಟೆಯ ಮೇಲೆ ಕೂತಿದ್ದ ಗೌಸಸಾಬನನ್ನು, ತಡವಾಗಿ ಓಡಿ ಬಂದ ಒಬ್ಬಳು ಹೆಂಗಸು ನಿಂತು ನೋಡಿದಳು. ನಲವತ್ತು ವರ್ಷ ಅವಳ ಓಣಿಯಲ್ಲಿ ಮಣಿ ಮಾರಿದ ಮುಖ. ಎಲ್ಲೋ ನೋಡಿದ ನೆನಪು, ಹೆಸರು ಬಾಯಿಗೆ ಬರಲೊಲ್ಲದು.

"ನೀವು ಟೀಚರ್ ಅವರ ಅಪ್ಪಾರಲ್ಲೇನ್ರಿ?" ಎಂದಳು.

"ಹೌದವಾ, ಟೀಚರ್ ಅಪ್ಪ ನಾನ," ಎಂದ ಗೌಸಸಾಬ. ಅವಳು ಒಳಗೆ ಹೋದ ಮೇಲೂ ಆ ಮಾತನ್ನು ಇನ್ನೊಂದು ಸಲ ತನಗೆ ತಾನೇ ಹೇಳಿಕೊಂಡ.